ಚರ್ಮದಿಂದ ನೀರು ಕುಡಿಯುವ ಜೀವ: ಸಾಕಿದ ಕಪ್ಪೆಗಳ ಆರೋಗ್ಯ ಕಾಯುವ ಬಗೆ

ಇವತ್ತು ನಾನು ಒಂದು ಕಪ್ಪೆಯನ್ನೂ ತಂದಿಲ್ಲ. ಕಪ್ಪೆಗಳ ಬಗ್ಗೆ ಮಾತಾಡಲು ಬಂದವಳು ಬರಿಗೈಯಲ್ಲಿ ಬಂದಳಲ್ಲ ಎಂದು ನಿಮಗೆ, ಅದರಲ್ಲೂ ಮುಂದಿನ ಸಾಲಿನಲ್ಲಿ ಕೂತ ಮಕ್ಕಳಿಗೆ, ಬೇಸರವಾಗಿರಬಹುದು. ಆದರೆ ಇಷ್ಟು ಜನ, ಇಷ್ಟು ಬೆಳಕು, ಮೈಕಿನ ಸದ್ದು, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವುದು, ಇದರಲ್ಲಿ ಯಾವುದೂ ಕಪ್ಪೆಗೆ ಆಗಿಬರುವುದಿಲ್ಲ. ಅದರ ಬದಲು ಮೂರು ವಸ್ತು ತಂದಿದ್ದೇನೆ. ಗ್ರಾಂ ಲೆಕ್ಕದಲ್ಲಿ ತೂಗುವ ಈ ಪುಟ್ಟ ತಕ್ಕಡಿ, ಒಂದು ಟಾರ್ಚ್, ಮತ್ತೆ ಈ ಹಳೆಯ ನೋಟ್‌ಬುಕ್. ಮಾತು ಮುಗಿಯುವುದರೊಳಗೆ ಮೂರೂ ಕೆಲಸಕ್ಕೆ ಬರುತ್ತವೆ.

ಪಶುವೈದ್ಯೆಯಾಗಿ ನಾನು ನೋಡುವ ಕಪ್ಪೆಗಳಲ್ಲಿ ಹೆಚ್ಚಿನವು ತಡವಾಗಿ ಬಂದವು. ಸಾಕಿದವರ ತಪ್ಪು ಎಂದು ನಾನು ಹೇಳುತ್ತಿಲ್ಲ. ಹಾವು, ಹಕ್ಕಿ, ಮೀನು ಎಲ್ಲಕ್ಕೂ ಆಹಾರವಾಗುವ ಜೀವ ಅದು. ಸುಸ್ತಾಗಿದೆ ಎಂದು ತೋರಿಸಿಕೊಂಡರೆ ಅವು ಮೊದಲು ಅದನ್ನೇ ಹಿಡಿಯುತ್ತವೆ, ಹಾಗಾಗಿ ನೋವನ್ನು ಅಡಗಿಸುವುದು ಅದರ ಹುಟ್ಟುಗುಣ. ನಾಯಿಯಾದರೆ ಕುಂಟುತ್ತದೆ, ಬೆಕ್ಕಾದರೆ ಮೂಲೆ ಸೇರುತ್ತದೆ. ಕಪ್ಪೆ ಆರೋಗ್ಯವಾಗಿದ್ದಾಗಲೂ ಮೂಲೆಯಲ್ಲೇ ಕೂತಿರುತ್ತದೆ, ಕಾಯಿಲೆಯಾದಾಗಲೂ ಅಲ್ಲೇ ಕೂತಿರುತ್ತದೆ. "ಎರಡು ವಾರದಿಂದ ತಿಂದಿಲ್ಲ ಡಾಕ್ಟ್ರೇ, ಇವತ್ತು ಬೆನ್ನಮೇಲೆ ಬಿದ್ದರೆ ಮಗುಚಿಕೊಳ್ಳೋಕೂ ಆಗ್ತಿಲ್ಲ" ಎಂದು ಡಬ್ಬಿ ಹಿಡಿದು ಬರುವ ಹೊತ್ತಿಗೆ ನನ್ನ ಕೈಯಲ್ಲಿ ಉಳಿದಿರುವುದು ಸ್ವಲ್ಪವೇ. ಅದಕ್ಕೇ ಔಷಧಿಯ ಮಾತನ್ನು ಬದಿಗಿಟ್ಟು, ಕಾಯಿಲೆ ಬರುವ ಮೊದಲು ಏನು ಮಾಡಬೇಕು ಎಂದಷ್ಟೇ ಇವತ್ತು ಹೇಳುತ್ತೇನೆ.

ಇದು ಕೆಲವು ತಿಂಗಳ ಜವಾಬ್ದಾರಿಯಲ್ಲ ಎಂಬುದೂ ನೆನಪಿರಲಿ. ಚೆನ್ನಾಗಿ ನೋಡಿಕೊಂಡರೆ ಆಸ್ಟ್ರೇಲಿಯಾ ಮೂಲದ ಹಸಿರು ಮರಗಪ್ಪೆ 15 ವರ್ಷ ದಾಟುತ್ತದೆ. ಯುರೋಪಿನ ಸಾಮಾನ್ಯ ನೆಲಗಪ್ಪೆಯೊಂದು ಸಾಕಣೆಯಲ್ಲಿ 36 ವರ್ಷ ಬದುಕಿದ ದಾಖಲೆಯಿದೆ.

ಮೊದಲು ಒಂದು ಪ್ರಶ್ನೆ. ಕಪ್ಪೆ ನೀರು ಕುಡಿಯುವುದನ್ನು ನಿಮ್ಮಲ್ಲಿ ಯಾರಾದರೂ ನೋಡಿದ್ದೀರಾ? ಕೆಲವರು ಕೈ ಎತ್ತಿದ್ದೀರಿ. ಬಾಯಿಂದ ಕುಡಿಯುವುದನ್ನು? ಈಗ ಕೈಗಳು ಇಳಿದವು. ಒಣಗಿದ ನೆಲಗಪ್ಪೆಯೊಂದನ್ನು ಒದ್ದೆ ಬಟ್ಟೆಯ ಮೇಲೆ ಬಿಟ್ಟು ನೋಡಿ. ಮೊದಲು ಸ್ವಲ್ಪ ಹೊತ್ತು ಸುಮ್ಮನಿರುತ್ತದೆ. ಆಮೇಲೆ ಹಿಂಗಾಲುಗಳನ್ನು ಅಗಲಿಸಿ, ಹೊಟ್ಟೆಯ ಕೆಳಭಾಗವನ್ನು ಮೆಲ್ಲಗೆ ನೆಲಕ್ಕೆ ಒತ್ತುತ್ತದೆ, ಅತ್ತಿತ್ತ ಒಂದೆರಡು ಸಲ ಸರಿಸಿ ಸರಿಯಾಗಿ ಕೂರುತ್ತದೆ. ಅದು ಕುಡಿಯುತ್ತಿರುವುದು. ತೊಡೆಗಳ ನಡುವೆ, ಹೊಟ್ಟೆಯ ಕೆಳಗೆ, ರಕ್ತನಾಳಗಳು ದಟ್ಟವಾಗಿರುವ ತೆಳು ಚರ್ಮದ ತೇಪೆಯೊಂದಿದೆ. ನೀರು ಒಳಹೋಗುವ ದಾರಿ ಅದೇ. ಮಿಕ್ಕ ಚರ್ಮವೂ ಸುಮ್ಮನಿಲ್ಲ, ಉಸಿರಾಟದ ಒಂದು ಪಾಲು ಅಲ್ಲೇ ನಡೆಯುತ್ತದೆ, ಮೈಯ ಉಪ್ಪಿನಂಶದ ಹದವನ್ನು ಕಾಯುವುದೂ ಅದೇ.

ಹಾಗಾದರೆ ಕಪ್ಪೆ ಕೂತ ಜಾಗವೇ ಅದರ ಊಟದ ತಟ್ಟೆ, ಅದರ ಗಾಳಿ, ಅದರ ನೀರಿನ ಲೋಟ. ನಮ್ಮ ಕಾಲಿಗೆ ಫಿನಾಯಿಲ್ ತಾಗಿದರೆ ತೊಳೆದುಕೊಳ್ಳುತ್ತೇವೆ. ಕಪ್ಪೆಗೆ ತಾಗಿದರೆ ಅದು ಕುಡಿದಂತೆಯೇ. ಈ ಒಂದು ವಿಷಯ ಮನಸ್ಸಿಗೆ ಇಳಿದರೆ ನಾನು ಮುಂದೆ ಹೇಳುವುದರಲ್ಲಿ ಅರ್ಧವನ್ನು ನೀವೇ ಊಹಿಸಬಲ್ಲಿರಿ.

ಒಂದು ಮನೆಯ ಸಂಗತಿ ಹೇಳುತ್ತೇನೆ. ಬಹಳ ಶುಚಿ ಇಷ್ಟಪಡುವ ಕುಟುಂಬ. ಗಾಜಿನ ಪೆಟ್ಟಿಗೆಯ ಒಳಗೋಡೆ ಮಸುಕಾಗಿದೆ ಎಂದು ಕಿಟಕಿಗೆ ಬಳಸುವ ಕ್ಲೀನರ್ ಸಿಂಪಡಿಸಿ ಒರೆಸಿದ್ದಾರೆ. ಗಾಜು ಥಳಥಳ ಹೊಳೆದಿದೆ. ರಾತ್ರಿ ಮರಗಪ್ಪೆ ಎಂದಿನಂತೆ ಹೊಟ್ಟೆಯನ್ನು ಆ ಗಾಜಿಗೆ ಅಂಟಿಸಿ ಕೂತಿದೆ. ಬೆಳಿಗ್ಗೆ ನೋಡಿದರೆ ಹಿಂಗಾಲುಗಳು ಸೆಟೆದು ಚಾಚಿವೆ, ಮೈ ನಡುಗುತ್ತಿದೆ. ಅವರು ಫೋನ್ ಮಾಡಿದಾಗ ನಾನು ಹೇಳಿದ್ದು ಇಷ್ಟೇ: ಕ್ಲೋರಿನ್ ಇಲ್ಲದ ಶುದ್ಧ ನೀರನ್ನು ಅಗಲವಾದ ಡಬ್ಬಿಯಲ್ಲಿ ತೆಳ್ಳಗೆ ಹಾಕಿ, ಮೂಗು ಮುಳುಗದ ಹಾಗೆ ಕಪ್ಪೆಯನ್ನು ಅದರಲ್ಲಿಡಿ, ಸ್ವಲ್ಪ ಹೊತ್ತಿಗೊಮ್ಮೆ ನೀರು ಬದಲಿಸುತ್ತಾ ಕರೆದುಕೊಂಡು ಬನ್ನಿ. ಚರ್ಮದಿಂದ ಒಳಹೋದದ್ದನ್ನು ಮೊದಲು ಚರ್ಮದಿಂದಲೇ ತೊಳೆಯಬೇಕು. ಆ ಕಪ್ಪೆ ಉಳಿಯಿತು. ಕಪ್ಪೆ ಇರುವ ಮನೆಯವರೆಲ್ಲ ಈ ಪ್ರಥಮ ಚಿಕಿತ್ಸೆಯನ್ನು ತಿಳಿದಿರಬೇಕು.

ಈಗ ನೀರಿನ ವಿಚಾರ. ನಲ್ಲಿ ನೀರಿನಲ್ಲಿ ನಮಗೆ ರೋಗ ಬಾರದಿರಲೆಂದು ಕ್ಲೋರಿನ್ ಹಾಕಿರುತ್ತಾರೆ. ಬಾಯಗಲದ ಪಾತ್ರೆಯಲ್ಲಿ ಒಂದು ಇಡೀ ದಿನ ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ಕೆಲವೆಡೆ ಕ್ಲೋರಿನ್ ಬದಲು ಕ್ಲೋರಮೈನ್ ಬಳಸುತ್ತಾರೆ. ಅದು ಹಾಗೆ ಹಾರುವುದಿಲ್ಲ. ಅದಕ್ಕೆ ಮೀನು ಸಾಕುವವರು ಬಳಸುವ ಡಿಕ್ಲೋರಿನೇಟರ್ ದ್ರಾವಣ ಬೇಕು, ಕ್ಲೋರಮೈನನ್ನೂ ತೆಗೆಯುತ್ತದೆ ಎಂದು ಶೀಶೆಯ ಮೇಲೆ ಬರೆದಿರುವುದನ್ನೇ ನೋಡಿ ತೆಗೆದುಕೊಳ್ಳಿ. "ಹಾಗಿದ್ದರೆ ಫಿಲ್ಟರ್‌ನ ಆರ್‌ಒ ನೀರು ಕೊಡುತ್ತೇವೆ, ಅದು ಎಲ್ಲಕ್ಕಿಂತ ಶುದ್ಧ" ಎಂದು ಹಲವರು ಹೇಳುತ್ತಾರೆ. ಗಿಡಗಳ ಮೇಲೆ, ಗಾಜಿನ ಮೇಲೆ ಸಿಂಪಡಿಸಲು ಅದು ಒಳ್ಳೆಯದೇ, ಕಲೆ ಉಳಿಯುವುದಿಲ್ಲ. ಆದರೆ ಕಪ್ಪೆ ಗಂಟೆಗಟ್ಟಲೆ ಕೂರುವ ಬಟ್ಟಲಿಗೆ ಬೇಡ. ಲವಣಗಳೇ ಇಲ್ಲದ ನೀರಿನಲ್ಲಿ ಕೂತರೆ ಮೈಯೊಳಗಿನ ಉಪ್ಪು ಹೊರಗೆ ಸೋರುತ್ತದೆ, ನೀರು ಅತಿಯಾಗಿ ಒಳನುಗ್ಗುತ್ತದೆ, ಎರಡನ್ನೂ ಸರಿದೂಗಿಸಲು ಮೂತ್ರಪಿಂಡ ದುಡಿದು ಸೋಲುತ್ತದೆ.

ಬಟ್ಟಲಿನ ನೀರನ್ನು ದಿನಾ ಬದಲಿಸಿ. ಕಪ್ಪೆ ನೀರಿನಲ್ಲೇ ಹಿಕ್ಕೆ ಹಾಕಿ ಅದೇ ನೀರಿನಲ್ಲಿ ಕೂತು ಕುಡಿಯುತ್ತದೆ. ಪೂರ್ತಿ ನೀರಿನಲ್ಲೇ ಬದುಕುವ ಜಾತಿಗಳಾದರೆ ಮೀನಿನ ತೊಟ್ಟಿಯ ನಿಯಮವೇ: ಹೊಸ ತೊಟ್ಟಿಯಲ್ಲಿ ಒಳ್ಳೆಯ ಬ್ಯಾಕ್ಟೀರಿಯಾ ನೆಲೆಯೂರಲು ವಾರಗಳು ಬೇಕು, ಹಿಕ್ಕೆ ಕೊಳೆತು ನೀರಿಗೆ ಸೇರುವ ವಿಷಗಳಾದ ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆ ತೋರಿಸಿದ ಮೇಲೆಯೇ ಕಪ್ಪೆಯನ್ನು ಬಿಡಬೇಕು. ಕಣ್ಣಿಗೆ ತಿಳಿಯಾಗಿ ಕಾಣುವ ನೀರಿನಲ್ಲೂ ಅಮೋನಿಯಾ ಇರಬಹುದು. ಪರೀಕ್ಷಿಸುವ ಕಿಟ್ ಒಂದೇ ನಂಬಿಕೆಗೆ ಅರ್ಹ.

ಶಾಖದ ಬಗ್ಗೆ ಚುಟುಕಾಗಿ ಹೇಳಿಬಿಡುತ್ತೇನೆ, ಏಕೆಂದರೆ ಜಾತಿಯಿಂದ ಜಾತಿಗೆ ಅಂಕಿ ಬದಲಾಗುತ್ತದೆ. ಬೆಂಕಿಹೊಟ್ಟೆ ಕಪ್ಪೆಗೆ 18ರಿಂದ 24 ಡಿಗ್ರಿ ಹಿತ, ಅರ್ಜೆಂಟೀನಾ ಕಡೆಯ ಕೊಂಬುಗಪ್ಪೆಗೆ 24ರಿಂದ 28. ಒಟ್ಟಿನಲ್ಲಿ ಚಳಿಗಿಂತ ಸೆಕೆ ಬೇಗ ಕೊಲ್ಲುತ್ತದೆ. ಬಿಸಿಲು ಬೀಳುವ ಕಿಟಕಿಯ ಬಳಿ ಗಾಜಿನ ಪೆಟ್ಟಿಗೆ ಇಟ್ಟರೆ ಅರ್ಧ ಗಂಟೆ ಸಾಕು. ಹಾಗೆಂದು ತಂಪು ಹೆಚ್ಚಾದರೆ ತಿಂದದ್ದು ಅರಗದೆ ಹೊಟ್ಟೆಯಲ್ಲೇ ಕೊಳೆಯುತ್ತದೆ. ಪೆಟ್ಟಿಗೆಯ ಎರಡು ತುದಿಗೂ ಒಂದೊಂದು ಥರ್ಮಾಮೀಟರ್ ಇರಲಿ. ತೇವ ಬೇಕು, ಆದರೆ ಗಾಳಿ ಆಡದ ತೇವ ಬೇಡ. ಮುಚ್ಚಳ ತೆಗೆದಾಗ ಮಳೆ ಬಿದ್ದ ಮಣ್ಣಿನ ವಾಸನೆ ಬರಬೇಕು. ಮುಗ್ಗಲು ವಾಸನೆ ಬಂದರೆ ಗಾಳಿಕಿಂಡಿ ಸಾಲುತ್ತಿಲ್ಲ ಎಂದರ್ಥ.

ಇನ್ನು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ವಿಷಯಕ್ಕೆ ಬರುತ್ತೇನೆ. ಹಿಂದಿನ ಶತಮಾನದ ಕೊನೆಯ ದಶಕಗಳಲ್ಲಿ ಆಸ್ಟ್ರೇಲಿಯಾದ, ಮಧ್ಯ ಅಮೆರಿಕದ ಮಳೆಕಾಡುಗಳಲ್ಲಿ ಕಪ್ಪೆಗಳು ಸದ್ದಿಲ್ಲದೆ ಕಾಣೆಯಾಗತೊಡಗಿದವು. ಮರ ಕಡಿದಿರಲಿಲ್ಲ, ಹೊಳೆ ಬತ್ತಿರಲಿಲ್ಲ, ಕಪ್ಪೆ ಮಾತ್ರ ಇರಲಿಲ್ಲ. 1998ರಲ್ಲಿ ವಿಜ್ಞಾನಿಗಳು ಸತ್ತ ಕಪ್ಪೆಗಳ ಚರ್ಮದಲ್ಲಿ ಒಂದು ಶಿಲೀಂಧ್ರವಿದೆ ಎಂದು ವರದಿ ಮಾಡಿದರು. 1999ರಲ್ಲಿ ಅದಕ್ಕೆ ಬ್ಯಾಟ್ರಾಕೊಕೈಟ್ರಿಯಂ ಡೆಂಡ್ರೊಬ್ಯಾಟಿಡಿಸ್ ಎಂದು ಹೆಸರಿಟ್ಟರು. ಸಾಕುವವರ ನಡುವೆ ಅದು 'ಕೈಟ್ರಿಡ್'. ಆ ಹೆಸರಿಡಲು ಆಧಾರವಾದ ಮಾದರಿ ದೊರೆತದ್ದು ಕಾಡಿನಲ್ಲಲ್ಲ, ವಾಷಿಂಗ್ಟನ್ನಿನ ರಾಷ್ಟ್ರೀಯ ಮೃಗಾಲಯದಲ್ಲಿ ಸತ್ತ ನೀಲಿ ವಿಷಗಪ್ಪೆಯೊಂದರ ಮೈಯಲ್ಲಿ. ಸಾಕಣೆಯ ಕಪ್ಪೆಗಳಿಗೂ ಈ ರೋಗಕ್ಕೂ ಎಷ್ಟು ಹತ್ತಿರದ ನಂಟು ಎಂದು ಇದರಿಂದಲೇ ತಿಳಿಯಿರಿ. 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ಕೈಟ್ರಿಡ್‌ನಿಂದ ಕನಿಷ್ಠ 501 ಉಭಯಚರ ಜಾತಿಗಳು ಇಳಿಮುಖವಾಗಿವೆ, ಅದರಲ್ಲಿ 90 ಅಳಿದುಹೋಗಿರಬಹುದು ಎಂದು ಲೆಕ್ಕ ಕೊಟ್ಟಿತು.

ಈ ಶಿಲೀಂಧ್ರ ಕೊಲ್ಲುವ ಬಗೆಯನ್ನು ಕೇಳಿ. ಇದರ ಬೀಜಕಗಳು ನೀರಿನಲ್ಲಿ ಈಜಬಲ್ಲವು. ಚರ್ಮದ ಮೇಲ್ಪದರದ ಕೆರಾಟಿನ್, ಅಂದರೆ ನಮ್ಮ ಉಗುರು ಕೂದಲಲ್ಲೂ ಇರುವ ಗಟ್ಟಿ ಪ್ರೋಟೀನ್, ಇರುವ ಕೋಶಗಳನ್ನು ಹೊಕ್ಕು ಬೆಳೆಯುತ್ತವೆ. ಚರ್ಮ ದಪ್ಪವಾಗುತ್ತದೆ, ಉಪ್ಪಿನ ಹದ ಕಾಯುವ ಕೆಲಸ ನಿಂತುಹೋಗುತ್ತದೆ, ರಕ್ತದಲ್ಲಿ ಸೋಡಿಯಂ, ಪೊಟ್ಯಾಸಿಯಂ ಕುಸಿಯುತ್ತವೆ, ಕೊನೆಗೆ ಹೃದಯ ನಿಲ್ಲುತ್ತದೆ. ರೋಗ ಇರುವುದು ಚರ್ಮದಲ್ಲಿ, ಸಾವು ಬರುವುದು ಹೃದಯದಿಂದ. ಗೊದಮೊಟ್ಟೆಗಳಲ್ಲಿ ಕೆರಾಟಿನ್ ಇರುವುದು ಬಾಯಿಯ ಸುತ್ತ ಮಾತ್ರ. ಹಾಗಾಗಿ ಅವು ಸೋಂಕು ಹೊತ್ತೂ ಬದುಕಿರುತ್ತವೆ. ಬಾಲ ಕರಗಿ ಕಪ್ಪೆಯಾಗಿ ದಡ ಹತ್ತಿದ ಮೇಲೆ, ಮೈಯೆಲ್ಲ ಹೊಸ ಚರ್ಮ ಬಂದಾಗ, ಒಂದೊಂದಾಗಿ ಸಾಯುತ್ತವೆ. "ಮರಿಗಳೆಲ್ಲ ಎಷ್ಟು ಚೆನ್ನಾಗಿದ್ದವು, ಕಾಲು ಬಂದಮೇಲೆ ಏನಾಯಿತೋ" ಎಂದು ಯಾರಾದರೂ ಹೇಳಿದರೆ ನನಗೆ ಮೊದಲು ನೆನಪಾಗುವುದು ಇದೇ.

ಪದೇಪದೇ ಪೊರೆ ಕಳಚುವುದು, ನೀರಿನ ಬಟ್ಟಲು ಬಿಟ್ಟು ಏಳದಿರುವುದು, ಹಿಂಗಾಲುಗಳನ್ನು ಮೈಗೆ ಮಡಚಿಕೊಳ್ಳದೆ ಸಡಿಲ ಬಿಟ್ಟು ಕೂರುವುದು, ಇವು ಲಕ್ಷಣಗಳು. ಆದರೆ ಲಕ್ಷಣಕ್ಕೆ ಕಾಯಬೇಡಿ. ಹತ್ತಿಯ ಕಡ್ಡಿಯಲ್ಲಿ ಹೊಟ್ಟೆ, ತೊಡೆ, ಬೆರಳುಗಳ ನಡುವೆ ಒರೆಸಿ ತೆಗೆದು ಪಿಸಿಆರ್ ಎಂಬ ಡಿಎನ್‌ಎ ಪರೀಕ್ಷೆ ಮಾಡಿಸಿದರೆ ಸೋಂಕು ತಿಳಿಯುತ್ತದೆ. ಬೇಗ ತಿಳಿದರೆ ಚಿಕಿತ್ಸೆಯೂ ಇದೆ. ಬ್ಲೀಚ್, ಪೂರ್ತಿ ಒಣಗಿಸುವುದು, ಬಿಸಿ, ಈ ಮೂರಕ್ಕೂ ಕೈಟ್ರಿಡ್ ಸೋಲುತ್ತದೆ. ಪಾತ್ರೆ, ಕಲ್ಲು, ಜಾಲರಿ ಮುಂತಾದವನ್ನು ನೀರು ಬೆರೆಸಿದ ಬ್ಲೀಚಿನಲ್ಲಿ ನೆನೆಸಿ, ವಾಸನೆ ಪೂರ್ತಿ ಹೋಗುವವರೆಗೆ ತೊಳೆದು, ಬಿಸಿಲಲ್ಲಿ ಗರಿಗರಿ ಒಣಗಿಸಿ. ಬ್ಲೀಚಿನ ವಾಸನೆ ಕಿಂಚಿತ್ತಾದರೂ ಉಳಿದಿದ್ದರೆ ಅದು ಕಪ್ಪೆಯ ಹತ್ತಿರ ಹೋಗಕೂಡದು.

ಇದಕ್ಕೆಲ್ಲ ಬಾಗಿಲು ಹಾಕುವುದು ಕ್ವಾರಂಟೈನ್. ಹೊಸ ಕಪ್ಪೆ ಬಂದರೆ ಬೇರೆ ಕೋಣೆ, ಬೇರೆ ಪೆಟ್ಟಿಗೆ, ಬೇರೆ ಚಿಮಟ, ಬೇರೆ ಬಟ್ಟಲು. ಕನಿಷ್ಠ 30 ದಿನ, ಸಾಧ್ಯವಾದರೆ 60ರಿಂದ 90. ಕೆಳಗೆ ಹಾಸಲು ಬಣ್ಣವಿಲ್ಲದ, ಸುವಾಸನೆಯಿಲ್ಲದ ಒದ್ದೆ ಟಿಶ್ಯೂ ಕಾಗದ ಸಾಕು. ಪಾಚಿ, ತೆಂಗಿನ ನಾರು ಎಲ್ಲ ಆಮೇಲೆ. ಕಾಗದದ ಮೇಲೆ ಹಿಕ್ಕೆ ಕಾಣುತ್ತದೆ, ರಕ್ತ ಕಾಣುತ್ತದೆ, ತಿನ್ನದೆ ಬಿಟ್ಟ ಹುಳು ಕಾಣುತ್ತದೆ. ಮೊದಲು ಹಳೆಯ ಕಪ್ಪೆಗಳ ಕೆಲಸ ಮುಗಿಸಿ, ಆಮೇಲೆ ಹೊಸದರ ಬಳಿ ಹೋಗಿ. ಈ ಅನುಕ್ರಮ ತಿರುಗಿಸಬೇಡಿ. "ಒಂದೇ ಕಡೆಯಿಂದ ತಂದದ್ದು, ನೋಡೋಕೆ ಆರೋಗ್ಯವಾಗೇ ಇದೆ" ಎಂದು ನೇರವಾಗಿ ಜೊತೆಗೆ ಬಿಟ್ಟ ಹುಡುಗಿಯೊಬ್ಬಳ ಮನೆಯಲ್ಲಿ ಆರು ವರ್ಷದಿಂದ ಇದ್ದ ಕಪ್ಪೆಗಳೂ ಹೋದದ್ದನ್ನು ನಾನು ಕಂಡಿದ್ದೇನೆ. ಆ ಹುಡುಗಿ ಆಮೇಲೆ ಬಹಳ ದಿನ ಕಪ್ಪೆಯ ಮಾತೇ ಎತ್ತಲಿಲ್ಲ.

ಕ್ವಾರಂಟೈನ್ ದಿನಗಳಲ್ಲಿ ತಾಜಾ ಹಿಕ್ಕೆಯನ್ನು ಒಂದೆರಡು ಸಲ ಪರೀಕ್ಷೆಗೆ ಕೊಡಿ. ರಾಬ್ಡಿಯಾಸ್ ಎಂಬ ಶ್ವಾಸಕೋಶದ ಹುಳು ಇದೆ. ಅದರ ಮರಿಗಳು ಹಿಕ್ಕೆಯ ಜೊತೆ ಹೊರಬಂದು, ಮಣ್ಣಿನಲ್ಲಿ ಬೆಳೆದು, ಮತ್ತೆ ಚರ್ಮ ಕೊರೆದು ಒಳಹೋಗುತ್ತವೆ. ವಿಶಾಲವಾದ ಕಾಡಿನಲ್ಲಿ ಕಪ್ಪೆ ಅಲ್ಲಿಂದ ಮುಂದೆ ಹೋಗಿರುತ್ತದೆ. ಎರಡಡಿ ಪೆಟ್ಟಿಗೆಯಲ್ಲಿ ಅದೇ ಕಪ್ಪೆಗೆ ಅದೇ ಹುಳು ದಿನದಿನವೂ ಮತ್ತೆಮತ್ತೆ ಏರುತ್ತದೆ. ಹಿಕ್ಕೆಯನ್ನು ಕಂಡ ಕೂಡಲೇ ತೆಗೆಯಿರಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಊಟಕ್ಕೆ ಬರೋಣ. ಅಂಗೈ ಅಗಲದ ಒಂದು ಕೊಂಬುಗಪ್ಪೆಯನ್ನು ನನ್ನ ಮೇಜಿನ ಮೇಲೆ ಇಟ್ಟಿದ್ದರು. ಕಣ್ಣು ಚುರುಕಾಗಿದೆ, ಹೊಟ್ಟೆ ತುಂಬಿದೆ, ಆದರೆ ಹುಳು ಹಿಡಿದರೂ ಬಾಯಿಂದ ಜಾರುತ್ತದೆ ಎಂದು ದೂರು. ಕೆಳದವಡೆಯನ್ನು ಬೆರಳ ತುದಿಯಲ್ಲಿ ಮೆಲ್ಲಗೆ ಮುಟ್ಟಿದೆ. ಮೂಳೆ ಇರಬೇಕಾದ ಜಾಗ ರಬ್ಬರಿನಂತೆ ಬಗ್ಗಿತು. ಅಷ್ಟು ತಿಂಗಳು ಅದಕ್ಕೆ ಕೊಟ್ಟದ್ದು ಬರೀ ಮಿಡತೆಯಂಥ ಕ್ರಿಕೆಟ್ ಹುಳು, ಹೊಟ್ಟೆ ತುಂಬ ಕೊಟ್ಟಿದ್ದರು, ಪ್ರೀತಿಯಿಂದಲೇ ಕೊಟ್ಟಿದ್ದರು. ಕ್ರಿಕೆಟ್ ಹುಳುವಿನಲ್ಲಿ ಕ್ಯಾಲ್ಸಿಯಂಗಿಂತ ರಂಜಕ ಹಲವು ಪಟ್ಟು ಹೆಚ್ಚು. ಕಪ್ಪೆಗೆ ಬೇಕಾದದ್ದು ಇದಕ್ಕೆ ಉಲ್ಟಾ, ರಂಜಕದ ಒಂದೂವರೆಯಿಂದ ಎರಡು ಪಟ್ಟು ಕ್ಯಾಲ್ಸಿಯಂ. ಹೊರಗಿನಿಂದ ಸಿಗದ ಕ್ಯಾಲ್ಸಿಯಂ ಅನ್ನು ಮೈ ತನ್ನ ಮೂಳೆಯಿಂದಲೇ ಕಿತ್ತುಕೊಳ್ಳುತ್ತದೆ. ಹೊಟ್ಟೆ ತುಂಬಿದ ಕಪ್ಪೆಯೂ ಹೀಗೆ ಒಳಗಿನಿಂದ ಹಸಿದಿರಬಹುದು.

ಪರಿಹಾರ ಎರಡು ಹಂತದ್ದು. ಕಪ್ಪೆಗೆ ಕೊಡುವ ಮುಂಚೆ ಒಂದೆರಡು ದಿನ ಹುಳುಗಳಿಗೇ ಕ್ಯಾಲ್ಸಿಯಂ ಹೆಚ್ಚಿರುವ ಮೇವು ತಿನ್ನಿಸಿ. ಆಮೇಲೆ ಕೊಡುವ ಹೊತ್ತಿಗೆ ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸಿ. ಪುಡಿ ಹಚ್ಚಿದ ಹುಳುವನ್ನು ಪೆಟ್ಟಿಗೆಯೊಳಗೆ ಬಿಟ್ಟು ನಿಮ್ಮ ಕೆಲಸಕ್ಕೆ ಹೋಗಬೇಡಿ. ಹುಳು ಮೀಸೆ ಕಾಲು ಎಲ್ಲ ತಿಕ್ಕಿ ಪುಡಿಯನ್ನು ಸ್ವಲ್ಪ ಹೊತ್ತಿನಲ್ಲೇ ಉದುರಿಸಿಬಿಡುತ್ತದೆ. ಬೆಳೆಯುವ ಮರಿಗಳಿಗೆ ಪ್ರತಿ ಊಟಕ್ಕೂ ಪುಡಿ, ದೊಡ್ಡವಕ್ಕೆ ವಾರಕ್ಕೆ ಒಂದೆರಡು ಸಲ. ಕ್ಯಾಲ್ಸಿಯಂ ಹೀರಿಕೊಳ್ಳಲು ಡಿ3 ವಿಟಮಿನ್ ಬೇಕು, ಅದು ಪುಡಿಯಿಂದ ಅಥವಾ ಯುವಿಬಿ ಎಂಬ ಅತಿನೇರಳೆ ಕಿರಣ ಸೂಸುವ ಮಂದ ದೀಪದಿಂದ ಬರಬೇಕು. ಯುವಿಬಿ ಗಾಜನ್ನು ದಾಟುವುದಿಲ್ಲ, ಹಾಗಾಗಿ ಕಿಟಕಿ ಬೆಳಕು ಲೆಕ್ಕಕ್ಕಿಲ್ಲ. ದೀಪ ಕಣ್ಣಿಗೆ ಉರಿಯುತ್ತಿದ್ದರೂ ಯುವಿಬಿ ಸೊರಗಿರುತ್ತದೆ, ತಯಾರಕರು ಹೇಳಿದ ಅವಧಿಗೆ ಬದಲಿಸಿ. ಎರೆಹುಳು ಸಿಕ್ಕರೆ ಧಾರಾಳವಾಗಿ ಕೊಡಿ, ಔಷಧಿ ಹೊಡೆಯದ ಮಣ್ಣಿನದಾಗಿರಬೇಕು ಅಷ್ಟೇ.

ಇಲ್ಲಿ ಒಂದು ನಿಮಿಷ ದಾರಿ ಬಿಟ್ಟು ಹೋಗುತ್ತೇನೆ. ಕಪ್ಪೆ ನುಂಗುವಾಗ ಕಣ್ಣು ಮುಚ್ಚುವುದನ್ನು ನೋಡಿದ್ದೀರಲ್ಲವೇ? ರುಚಿಗೆ ಮುಚ್ಚುವುದಲ್ಲ. ಕಣ್ಣುಗುಡ್ಡೆಗಳು ಒಳಕ್ಕೆ ಇಳಿದು, ಬಾಯಿಯೊಳಗಿನ ಆಹಾರವನ್ನು ಗಂಟಲಿನತ್ತ ತಳ್ಳಲು ನೆರವಾಗುತ್ತವೆ. ನನಗೆ ಇಷ್ಟು ವರ್ಷವಾದರೂ ಅದನ್ನು ನೋಡಿ ಸಾಕಾಗಿಲ್ಲ. ಊಟದ ಹೊತ್ತಿನಲ್ಲಿ ಹತ್ತಿರ ಕೂತು ನೋಡಿ ಎಂದು ನಾನು ಹೇಳುವುದಕ್ಕೆ ಇನ್ನೊಂದು ಕಾರಣವೂ ಇದೆ. ನಾಲಿಗೆ ಸರಿಯಾಗಿ ಚಾಚುತ್ತಿದೆಯೇ? ಗುರಿಯಿಟ್ಟು ಹಾರಿದರೂ ಹುಳು ಅಂಟದೆ ತಪ್ಪುತ್ತಿದೆಯೇ? ಎ ವಿಟಮಿನ್ ಕೊರತೆಯಾದರೆ ನಾಲಿಗೆಯ ಲೋಳೆ ಗ್ರಂಥಿಗಳು ಕೆಡುತ್ತವೆ, ಅಂಟು ಹೋಗುತ್ತದೆ. ಅಮೆರಿಕದ ಅಳಿವಿನಂಚಿನ ವ್ಯೋಮಿಂಗ್ ನೆಲಗಪ್ಪೆಗಳನ್ನು ಸಾಕಿ ಉಳಿಸಲು ಹೊರಟವರು ಎದುರಿಸಿದ್ದು ಇದನ್ನೇ, ಆಹಾರ ಮುಂದಿದ್ದರೂ ಹಿಡಿಯಲಾಗದ ಕಪ್ಪೆಗಳು. ಕ್ಯಾರೆಟ್ಟಿನ ಬೀಟಾ ಕ್ಯಾರೊಟಿನ್ ಅನ್ನು ಎ ವಿಟಮಿನ್ ಆಗಿಸಿಕೊಳ್ಳುವ ಶಕ್ತಿ ಹಲವು ಕಪ್ಪೆಗಳಿಗೆ ಸಾಲದು. ಹಾಗಾಗಿ ಪುಡಿಯ ಡಬ್ಬಿಯಲ್ಲಿ ರೆಟಿನಾಲ್ ರೂಪದ ಎ ವಿಟಮಿನ್ ಇದೆಯೇ ಎಂದು ಓದಿ ನೋಡಿ. ಅತಿಯಾದರೂ ಕೆಡುಕೇ, ಎಷ್ಟು ದಿನಕ್ಕೊಮ್ಮೆ ಎಂಬುದನ್ನು ನಿಮ್ಮ ವೈದ್ಯರನ್ನು ಕೇಳಿ ನಿಗದಿ ಮಾಡಿಕೊಳ್ಳಿ.

ಹುಳು ಕಪ್ಪೆಯ ಎರಡು ಕಣ್ಣುಗಳ ನಡುವಿನ ಅಗಲಕ್ಕಿಂತ ಉದ್ದವಿರಬಾರದು. ತಿನ್ನದೆ ಉಳಿದ ಕ್ರಿಕೆಟ್ ಹುಳುವನ್ನು ರಾತ್ರಿ ಒಳಗೇ ಬಿಡಬೇಡಿ, ಸುಮ್ಮನೆ ಕೂತ ಕಪ್ಪೆಯನ್ನೇ ಕಚ್ಚುತ್ತವೆ. ನೆಲಕ್ಕೆ ಹಾಕುವ ಕಲ್ಲು ಕಪ್ಪೆಯ ತಲೆಗಿಂತ ದೊಡ್ಡದಿರಲಿ. ನುಂಗಬಹುದಾದದ್ದನ್ನೆಲ್ಲ ಅದು ಒಂದಲ್ಲ ಒಂದು ದಿನ ನುಂಗುತ್ತದೆ. ಇಲಿಮರಿ ತಿನ್ನಿಸುವ ವಿಡಿಯೊಗಳನ್ನು ನೋಡಿ ಅದನ್ನು ಅಭ್ಯಾಸ ಮಾಡಬೇಡಿ. ಆ ಕೊಬ್ಬು ಯಕೃತ್ತಿನಲ್ಲಿ ಕೂರುತ್ತದೆ, ಕೆಲವು ಮರಗಪ್ಪೆಗಳಲ್ಲಿ ಕಣ್ಣಿನ ಮೇಲೆ ಬಿಳಿ ಪೊರೆಯಾಗಿ ಕಟ್ಟುತ್ತದೆ.

ಈಗ ತಕ್ಕಡಿ. ಕಪ್ಪೆಗಳನ್ನು ತಕ್ಕಡಿಯಲ್ಲಿ ತೂಗಿದ ಹಾಗೆ ಎಂಬ ಮಾತು ನಮ್ಮೆಲ್ಲರ ಬಾಯಲ್ಲಿದೆ. ಒಂದೇ ಕಪ್ಪೆಯನ್ನು, ಮುಚ್ಚಳವಿರುವ ಡಬ್ಬಿಯಲ್ಲಿಟ್ಟು ತೂಗಿದರೆ ಅದೇನೂ ಕಷ್ಟವಿಲ್ಲ. ಖಾಲಿ ಡಬ್ಬಿ ಇಟ್ಟು ಸೊನ್ನೆ ಮಾಡಿ, ಕಪ್ಪೆಯನ್ನು ಅದರೊಳಗೆ ಬಿಡಿ, ಅಂಕಿ ಬರೆದುಕೊಳ್ಳಿ. ವಾರಕ್ಕೊಮ್ಮೆ, ಊಟಕ್ಕೆ ಮುಂಚೆ. ಈ ನೋಟ್‌ಬುಕ್ ಒಬ್ಬ ಹಿರಿಯರದು, ಅವರ ಅನುಮತಿ ಪಡೆದು ತಂದಿದ್ದೇನೆ. ಈ ಪುಟ ನೋಡಿ: 42 ಗ್ರಾಂ, 42, 41, 39, 37. ಪಕ್ಕದಲ್ಲಿ ಅವರ ಅಕ್ಷರ, "ಚೆನ್ನಾಗಿ ತಿನ್ನುತ್ತಿದೆ". ಕಣ್ಣಿಗೆ ಏನೂ ಕಂಡಿರಲಿಲ್ಲ, ಅಂಕಿ ನೋಡಿ ಕರೆತಂದರು. ಹಿಕ್ಕೆಯಲ್ಲಿ ಶ್ವಾಸಕೋಶದ ಹುಳುವಿನ ಮರಿಗಳಿದ್ದವು. ಹತ್ತರಲ್ಲಿ ಒಂದು ಪಾಲು ತೂಕ ಇಳಿದರೆ ಇನ್ನೊಂದು ವಾರ ನೋಡೋಣ ಎನ್ನಬೇಡಿ. ಏರಿಕೆಯನ್ನೂ ಗಮನಿಸಿ. ಒಂದೆರಡು ದಿನದಲ್ಲಿ ಮೈ ಚೀಲದಂತೆ ಉಬ್ಬಿದರೆ ಅದು ಕೊಬ್ಬಲ್ಲ, ನೀರು ತುಂಬಿಕೊಂಡಿದೆ. ತಕ್ಷಣ ವೈದ್ಯರ ಬಳಿ ಹೋಗಬೇಕಾದ ಸ್ಥಿತಿ ಅದು.

ಟಾರ್ಚ್ ಯಾಕೆಂದರೆ, ಬಹುಪಾಲು ಕಪ್ಪೆಗಳು ಎಚ್ಚರವಿರುವುದು ರಾತ್ರಿ. ದೀಪ ಆರಿಸಿದ ಮೇಲೆ ಒಂದು ಸಲ ಮಂದ ಬೆಳಕಿನಲ್ಲಿ ನೋಡಿ. ಗಾಜಿನ ಹೊರಗಿನಿಂದಲೇ ಹೊಟ್ಟೆಯ ಬಣ್ಣ ಕಾಣುತ್ತದೆ. ತೊಡೆಯ ಒಳಭಾಗ, ಹೊಟ್ಟೆಯ ಕೆಳಗೆ ಕೆಂಪಾಗಿದೆಯೇ? ಅದನ್ನು ಕೆಂಗಾಲು ರೋಗ ಎನ್ನುತ್ತಾರೆ. ಬ್ಯಾಕ್ಟೀರಿಯಾ ರಕ್ತಕ್ಕೆ ಇಳಿದಿರುವ ಸೂಚನೆ ಅದು, ಕೊಳಕು ನೀರು ಮತ್ತು ಇಕ್ಕಟ್ಟು ಅದಕ್ಕೆ ದಾರಿ ಮಾಡಿಕೊಡುತ್ತವೆ. ಮೂಗಿನ ತುದಿ ತರಚಿದ್ದರೆ ಗಾಜಿಗೆ ಹಾಯುತ್ತಿದೆ ಎಂದು ತಿಳಿದು, ಅಡಗಲು ಎಲೆಮರೆ ಹೆಚ್ಚಿಸಿ, ಒಂದು ಬದಿಗೆ ಹೊರಗಿನಿಂದ ಕಾಗದ ಅಂಟಿಸಿ.

ಮುಟ್ಟುವುದು ಅಗತ್ಯವಿದ್ದಾಗ ಮಾತ್ರ. ಪುಡಿಯಿಲ್ಲದ ಗ್ಲೌಸ್ ಹಾಕಿ, ಅದನ್ನು ಕ್ಲೋರಿನ್ ಇಲ್ಲದ ನೀರಿನಲ್ಲಿ ಒದ್ದೆ ಮಾಡಿಕೊಂಡು ಹಿಡಿಯಿರಿ. ಸ್ಯಾನಿಟೈಸರ್, ಕ್ರೀಮು ಹಚ್ಚಿದ ಕೈ ದೂರವಿರಲಿ. ಮುಟ್ಟಿದ ಮೇಲೆ ನೀವು ಸೋಪು ಹಾಕಿ ಕೈ ತೊಳೆಯಲೇಬೇಕು. 2008ರಿಂದ 2011ರವರೆಗೆ ಅಮೆರಿಕದಲ್ಲಿ ಆಫ್ರಿಕದ ಕುಬ್ಜ ಕಪ್ಪೆಗಳಿಂದ ಸಾಲ್ಮೊನೆಲ್ಲಾ ಎಂಬ, ವಾಂತಿಭೇದಿ ತರುವ ಬ್ಯಾಕ್ಟೀರಿಯಾ ಹರಡಿ ಹೆಚ್ಚಾಗಿ ಮಕ್ಕಳೇ ಕಾಯಿಲೆ ಬಿದ್ದರು. ಐದು ವರ್ಷದೊಳಗಿನ ಮಕ್ಕಳು ಕಪ್ಪೆಯನ್ನೂ ಅದರ ನೀರನ್ನೂ ಮುಟ್ಟದಿರಲಿ, ತೊಟ್ಟಿಯನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯುವುದು ಬೇಡ. ಬೇರೆ ಬೇರೆ ಜಾತಿಗಳನ್ನು ಒಂದೇ ಪೆಟ್ಟಿಗೆಗೆ ಹಾಕಬೇಡಿ, ಒಂದರ ಚರ್ಮದ ವಿಷ ಇನ್ನೊಂದಕ್ಕೆ ಮಾರಕವಾಗಬಹುದು. ಸಾಕಲಾಗದಿದ್ದರೆ ಕೆರೆಗೋ ತೋಟಕ್ಕೋ ಬಿಡಬೇಡಿ, ಕೈ ಮುಗಿದು ಕೇಳುತ್ತೇನೆ. ಕೈಟ್ರಿಡ್‌ನ ಕತೆ ಈಗಷ್ಟೇ ಕೇಳಿದಿರಿ. ತೊಟ್ಟಿಯ ಕೊಳಕು ನೀರನ್ನೂ ಬ್ಲೀಚ್ ಬೆರೆಸಿಟ್ಟು ಆಮೇಲೆ ಚರಂಡಿಗೆ ಚೆಲ್ಲಿ, ಹಳ್ಳಕೊಳ್ಳಕ್ಕೆ ಸೇರಿಸಬೇಡಿ.

ಕೊನೆಯದಾಗಿ, ಕಪ್ಪೆ ನೋಡುವ ವೈದ್ಯರು ಎಲ್ಲಿದ್ದಾರೆ ಎಂದು ಕಪ್ಪೆ ಚೆನ್ನಾಗಿರುವಾಗಲೇ ಹುಡುಕಿಡಿ, ವರ್ಷಕ್ಕೊಮ್ಮೆ ತೋರಿಸಿ. ಕರೆತರುವಾಗ ಗಾಳಿತೂತು ಇರುವ ಪ್ಲಾಸ್ಟಿಕ್ ಡಬ್ಬಿ, ಕೆಳಗೆ ಹಿಂಡಿದ ಒದ್ದೆ ಟಿಶ್ಯೂ. ನೀರು ತುಂಬಿಸಬೇಡಿ, ದಾರಿಯ ಕುಲುಕಾಟಕ್ಕೆ ಕಪ್ಪೆ ಮುಳುಗುತ್ತದೆ. ಅವತ್ತಿನ ಹಿಕ್ಕೆ ಒಂದು ಪೊಟ್ಟಣದಲ್ಲಿ, ತೊಟ್ಟಿಯ ನೀರು ಒಂದು ಶೀಶೆಯಲ್ಲಿ, ಬಳಸುವ ಪುಡಿಯ ಡಬ್ಬಿಯ ಫೋಟೊ, ತೂಕ ಬರೆದ ಪುಸ್ತಕ. ಇಷ್ಟು ಕೈಗೆ ಕೊಟ್ಟರೆ ಕಪ್ಪೆಯನ್ನು ಮುಟ್ಟುವ ಮೊದಲೇ ನನಗೆ ಅರ್ಧ ತಿಳಿದಿರುತ್ತದೆ. ನೋಟ್‌ಬುಕ್ ಇಲ್ಲೇ ಮೇಜಿನ ಮೇಲಿರುತ್ತದೆ, ಅಂಕಣಗಳನ್ನು ಹೇಗೆ ಎಳೆದಿದ್ದಾರೆ ಎಂದು ಹತ್ತಿರ ಬಂದು ನೋಡಿ, ಬೇಕಿದ್ದವರು ಫೋಟೊ ತೆಗೆದುಕೊಳ್ಳಿ.